ಬೇಸಿಗೆಯ ಸೂಟಿಯೂ ಬೀಗದೊಳಗಿನ ಪುಸ್ತಕಗಳೂ

ಏಪ್ರಿಲ ತಿಂಗಳ ಹತ್ತನೆಯ ತಾರೀಖಿಗೆ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳ ವರ್ಷವು ಮುಗಿಯುವದು. "ಸಮುದಾಯದತ್ತ ಶಾಲೆ" ಎಂಬ ಹೆಸರಿನಿಂದ ಪಾಲಕರನ್ನು ಕರೆಯಿಸಿ, ಹುಡುಗರ ಫಲಿತಾಂಶವನ್ನು ಓದಿ ಹೇಳಿ, ಪ್ರಗತಿಪತ್ರಗಳನ್ನು ಹಂಚಿ, ಮಾಸ್ತರರು ಕೋಣೆಗಳಿಗೆ ಬೀಗ ಹಾಕುವರು. ಮರುದಿವಸದಿಂದ ಮೇ 28ರ ವರೆಗೆ, ಎಂದರೆ ಒಟ್ಟಿಗೆ 48 ದಿವಸ ಬೇಸಿಗೆಯ ಸೂಟಿ. ಇದು 2025-26ನೆಯ ಸಾಲಿನ ಏರ್ಪಾಡು. ಅದರ ಹಿಂದಿನ ಸಾಲುಗಳದೂ ಹೆಚ್ಚು ಕಡಿಮೆ ಇದೇ. ಈ 48 ದಿವಸಗಳ ವಿಷಯವಾಗಿ ನಾವು ಇಂದು ವಾಚಕರ, ವಿಶೇಷವಾಗಿ ವಿದ್ಯಾಖಾತೆಯ ಅಧಿಕಾರಿಗಳ, ಲಕ್ಷ್ಯವನ್ನು ಸೆಳೆಯಬಯಸುತ್ತೇವೆ. ಏಕೆಂದರೆ ಆ ದಿವಸ ಬೀಳುವ ಬೀಗವು ಕೋಣೆಗಳಿಗೆ ಮಾತ್ರ ಬೀಳುವದಿಲ್ಲ; ಪುಸ್ತಕಗಳ ಅಲಮಾರಿಗೂ ಬೀಳುವದು.

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹಾದಿಯ ಕಡೆಗಿರುವ ಕೋಟನೂರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರಿನ ವರೆಗೆ ಪಟ್ಟಣವು ತಾನಾಗಿಯೇ ನಡೆದು ಬಂದಿರುವದು. ಬಿತ್ತುವ ನೆಲದಲ್ಲಿ ಬಡಾವಣೆಯ ಕಲ್ಲುಗಳು ನಿಂತಿರುವವು. ಇಂಥ ಊರುಗಳಲ್ಲಿ ಎರಡು ಬಗೆಯ ಮಕ್ಕಳು ಒಂದೇ ಬಿಸಿಲಿನಲ್ಲಿ ಬೆಳೆಯುವರು. ಬಡಾವಣೆಯ ಮನೆಯ ಹುಡುಗನಿಗೆ ಸೂಟಿ ಬಂದರೆ ಈಜು, ಚಿತ್ರಕಲೆ, ಸಂಗೀತ ಇವುಗಳ ಶಿಬಿರಗಳು ಕಾದಿರುವವು; ಕಲಬುರಗಿಯ ರಂಗಾಯಣದ ಚಿಣ್ಣರ ಮೇಳಕ್ಕೂ ಅವನನ್ನು ತಂದೆಯು ಗಾಡಿಯ ಮೇಲೆ ಕೂಡ್ರಿಸಿಕೊಂಡು ಹೋಗಿ ಬಿಟ್ಟು ಬರುವನು. ಮನೆಯಲ್ಲಿ ಕಥೆಯ ಪುಸ್ತಕ ಉಂಟು, ಓದಿ ಹೇಳುವ ತಾಯಿ ಉಂಟು. ಸರಕಾರಿ ಶಾಲೆಗೆ ಹೋಗುವ ಕೂಲಿಕಾರನ ಮಗಳ ಸೂಟಿಯು ಬೇರೆ ತೆರನಾದದ್ದು. ತಾಯಿಯು ಮುಂಜಾನೆಯೇ ಕೆಲಸಕ್ಕೆ ಹೋದ ಬಳಿಕ ತಮ್ಮನನ್ನು ನೋಡಿಕೊಳ್ಳುವದು, ನೀರು ಬಂದಾಗ ಕೊಡ ತುಂಬುವದು, ಮಧ್ಯಾಹ್ನ ಬೇವಿನ ನೆರಳು. ಮನೆಯಲ್ಲಿ ಮೊಬಾಯಿಲ ಇದ್ದರೆ ಸಂಜೆಗೆ ಅದರ ಗೊಂಬೆಯಾಟ. ಅಚ್ಚಾದ ಅಕ್ಷರಗಳುಳ್ಳ ಒಂದು ಹಾಳೆಯೂ ಆ ಮನೆಯಲ್ಲಿ ಇರುವದಿಲ್ಲ; ಇದ್ದರೆ ಪಡಿತರ ಚೀಟಿ ಮತ್ತು ವಿದ್ಯುತ್ತಿನ ಬಿಲ್ಲು.

2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇಕಡಾ 55 ಮಾತ್ರ. ಮಗುವಿಗೆ ಮನೆಯಲ್ಲಿ ಓದಿ ತೋರಿಸುವವರು ಯಾರೆಂಬ ಪ್ರಶ್ನೆಗೆ ಈ ಅಂಕಿಯೇ ಉತ್ತರ. ಇದಕ್ಕೆ ಇಂದಿನ ತಾಯಂದಿರನ್ನು ಹಳಿಯುವದು ಅನ್ಯಾಯ. 1948ರ ಸಪ್ಟಂಬರ 17ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಮೇಲಿನ ಇಯತ್ತೆಗಳ ಪಾಠವು ಉರ್ದುವಿನಲ್ಲಿ ನಡೆಯುತ್ತಿತ್ತು. 1907ರಲ್ಲಿ ಹುಟ್ಟಿದ ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳನ್ನು ಜನರೇ ಹಣ ಕೂಡಿಸಿ ಕಟ್ಟಿ ಉಳಿಸಿಕೊಳ್ಳಬೇಕಾಗಿತ್ತು. ಪುಸ್ತಕವಿಲ್ಲದ ಮನೆಯು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಆಸ್ತಿಯಂತೆ ಇಳಿದು ಬಂದಿರುವದು. ಆಸ್ತಿಯಾದರೂ ಪಾಲಾದಾಗ ಕಡಿಮೆಯಾಗುವದು, ಇದು ಹಾಗಾಗುವದಿಲ್ಲ.

ಈಗ ಆ ಕೂಲಿಕಾರನ ಮಗಳನ್ನೇ ನೋಡೋಣ. ಮಾರ್ಚ ತಿಂಗಳಲ್ಲಿ ಅವಳು ಮೂರನೆಯ ಇಯತ್ತೆಯಲ್ಲಿದ್ದಾಗ ಒತ್ತಕ್ಷರಗಳನ್ನು ತಡವರಿಸುತ್ತಲಾದರೂ ಓದುತ್ತಿದ್ದಳು. ಕೈಯಲ್ಲಿ ದಶಕ ಹಿಡಿದು ಕೂಡಿಸುತ್ತಿದ್ದಳು. ಜೂನ ತಿಂಗಳಲ್ಲಿ ಅವಳು ನಾಲ್ಕನೆಯ ಇಯತ್ತೆಗೆ ಬಂದು ಕೂಡ್ರುವಾಗ ಅದರಲ್ಲಿ ಅರ್ಧವನ್ನು ಮರೆತು ಬಂದಿರುವಳು. ಇದು ನಮ್ಮ ಕಲ್ಪನೆಯಲ್ಲ. ವಿದ್ಯಾಖಾತೆಯೇ ಇದನ್ನು ಒಪ್ಪಿರುವದು. ಒಪ್ಪದಿದ್ದಲ್ಲಿ ಪ್ರತಿ ವರ್ಷದ ಆರಂಭದಲ್ಲಿ "ಸೇತುಬಂಧ" ಎಂಬ ಹೆಸರಿನಿಂದ ಹಿಂದಿನ ಇಯತ್ತೆಯ ಪಾಠವನ್ನು ಮತ್ತೆ ತಿರುವಿ ಹಾಕುವ ಕಾರ್ಯಕ್ರಮದ ಅವಶ್ಯಕತೆಯೇ ಇರುತ್ತಿರಲಿಲ್ಲ. ಹೊಳೆಯನ್ನು ನಾವೇ ಅಗೆದು, ಅದಕ್ಕೆ ಸೇತುವೆಯನ್ನೂ ನಾವೇ ಕಟ್ಟುತ್ತ ಕುಳಿತಿರುವೆವು. ಮತ್ತು ಆ ಸೇತುವೆ ಮುಗಿಯುವದರೊಳಗೆ ಮಳೆಗಾಲ ಹಿಡಿದು, ಬಿತ್ತನೆಯ ಕೆಲಸಕ್ಕೆ ಹಾಜರಿ ಇಳಿದುಹೋಗುವದು.

ಅಮೇರಿಕೆಯ ಬಾಲ್ಟಿಮೋರ ಪಟ್ಟಣದಲ್ಲಿ 1982ರಲ್ಲಿ ಒಂದನೆಯ ಇಯತ್ತೆಗೆ ಸೇರಿದ ಸುಮಾರು 800 ಮಕ್ಕಳನ್ನು ಅಲ್ಲಿಯ ವಿದ್ವಾಂಸರು ಹಲವು ವರ್ಷಗಳ ವರೆಗೆ ಬಿಡದೆ ಹಿಂಬಾಲಿಸಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚು ಕಡಿಮೆ ಸಮನಾಗಿ ಕಲಿಯುವರೆಂದೂ, ಅಂತರವು ಬಹುಮಟ್ಟಿಗೆ ಬೇಸಿಗೆಯಲ್ಲಿಯೇ ಬೆಳೆಯುವದೆಂದೂ ಅವರು ಕಂಡುಕೊಂಡರು. ಆ ಅಳತೆಯ ರೀತಿಯ ಮೇಲೆ ಬೇರೆ ಪಂಡಿತರು ಆ ಮೇಲೆ ಆಕ್ಷೇಪಗಳನ್ನೆತ್ತಿರುವರೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಅಷ್ಟು ದೂರ ಹೋಗುವ ಕಾರಣವೇನು? ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಏನಾಯಿತೆಂಬುದನ್ನು ಬೆಂಗಳೂರಿನ ಅಜೀಂ ಪ್ರೇಮಜಿ ವಿಶ್ವವಿದ್ಯಾಲಯವು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿತು. ಕರ್ನಾಟಕವೂ ಸೇರಿ 5 ರಾಜ್ಯಗಳ 44 ಜಿಲ್ಲೆಗಳಲ್ಲಿ 16,067 ಮಕ್ಕಳನ್ನು ನೋಡಲಾಗಿ, ಶೇಕಡಾ 92 ಮಕ್ಕಳು ಭಾಷೆಯಲ್ಲಿ ಮೊದಲು ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇಕಡಾ 82. ಅದು ದೀರ್ಘವಾದ ಮುಚ್ಚಳಿಕೆ ಎಂಬುದು ಸರಿ. ಆದರೆ ಪುಸ್ತಕವಿಲ್ಲದ ಮನೆಯಲ್ಲಿ 48 ದಿವಸಗಳು ಅದರದೇ ಒಂದು ಸಣ್ಣ ಕಂತು. ಮತ್ತು ಈ ಕಂತು ಪ್ರತಿ ವರ್ಷ ತಪ್ಪದೆ ಬರುವದು. ಏಳು ಬೇಸಿಗೆಗಳ ಕಂತು ಕೂಡಿದರೆ ಎಷ್ಟಾಯಿತು? 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು ಶೇಕಡಾ 42.43 ತೇರ್ಗಡೆಯೊಂದಿಗೆ ರಾಜ್ಯದಲ್ಲಿ ಕಟ್ಟಕಡೆಗೆ ನಿಂತಾಗ ಎಲ್ಲರೂ ಹತ್ತನೆಯ ಇಯತ್ತೆಯ ಮಾಸ್ತರರ ಕಡೆಗೆ ಬೆರಳು ಮಾಡಿದರು. ಮೂರನೆಯ ಇಯತ್ತೆಯ ಬೇಸಿಗೆಯ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಹಾಗಾದರೆ ಸೂಟಿಯನ್ನು ಕಡಿಮೆ ಮಾಡಬೇಕೆ? ನಾವು ಹಾಗೆ ಹೇಳುವವರಲ್ಲ. ಸೂಟಿಯು ಮಗುವಿನ ಹಕ್ಕು. ಅಜ್ಜಿಯ ಊರಿಗೆ ಹೋಗುವದು, ಜಾತ್ರೆ ನೋಡುವದು, ಬಾವಿಯಲ್ಲಿ ಈಸುವದು, ಇವೂ ವಿದ್ಯೆಯೇ. ಅದಲ್ಲದೆ ನಮ್ಮ ಸೀಮೆಯ ಬಿಸಿಲನ್ನು ಬೆಂಗಳೂರಿನಲ್ಲಿ ಕುಳಿತವರು ಅರಿಯರು. ಏಪ್ರಿಲ-ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಮಾನವು 42 ಡಿಗ್ರಿಯನ್ನು ದಾಟುವದು ಅಪರೂಪವೇನಲ್ಲ. ಅದಕ್ಕೆಂದೇ ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಆ ಎರಡು ತಿಂಗಳು ಸರಕಾರಿ ಕಚೇರಿಗಳನ್ನು ಮುಂಜಾನೆ 8ರಿಂದ ಮಧ್ಯಾಹ್ನ 1-30ರ ವರೆಗೆ ನಡೆಸುವ ವಾಡಿಕೆ ಇರುವದು. ವಿದ್ಯುತ್ತಿನ ಬೀಸಣಿಕೆಯ ಕೆಳಗೆ ಕೂಡ್ರುವ ಗುಮಾಸ್ತನಿಗೆ ತಾಳಲಾಗದ ಬಿಸಿಲಿನಲ್ಲಿ ತಗಡಿನ ಮಾಡಿನ ಕೋಣೆಯ ಮಗುವು ಹೇಗೆ ಕುಳಿತೀತು? 2022ರಲ್ಲಿ ಮಹಾಮಾರಿಯಿಂದಾದ ಹಾನಿಯನ್ನು ತುಂಬಲಿಕ್ಕೆಂದು "ಕಲಿಕಾ ಚೇತರಿಕೆ"ಯ ಹೆಸರಿನಲ್ಲಿ ಶಾಲೆಗಳನ್ನು ಮೇ 16ಕ್ಕೇ ತೆರೆದರು. ಅದು ಆಪದ್ಧರ್ಮ, ಆಪದ್ಧರ್ಮವನ್ನು ನಿತ್ಯಧರ್ಮವನ್ನಾಗಿ ಮಾಡಿಕೊಳ್ಳುವದು ಸಲ್ಲದು. ಶಿಕ್ಷಣದ ಹಕ್ಕಿನ 2009ರ ಕಾಯಿದೆಯು ಒಂದರಿಂದ ಐದನೆಯ ಇಯತ್ತೆಯ ವರೆಗೆ 200 ದಿವಸ, ಆರರಿಂದ ಎಂಟರ ವರೆಗೆ 220 ದಿವಸ ಪಾಠ ನಡೆಯತಕ್ಕದ್ದೆಂದು ವಿಧಿಸಿರುವದು. ಆ ದಿವಸಗಳನ್ನು ಸರಿಯಾಗಿ ನಡೆಸಿದರೆ ಸೂಟಿಯನ್ನು ಕಡಿಯುವ ಕಾರಣವಿಲ್ಲ.

ನಾವು ಕೇಳುವದು ಬಹು ಚಿಕ್ಕ ಮಾತು. ಏಪ್ರಿಲ ಹತ್ತಕ್ಕೆ ಅಲಮಾರಿಗೆ ಬೀಗ ಹಾಕಬೇಡಿರಿ. ಅದನ್ನು ಬರಿದು ಮಾಡಿ ಕಳಿಸಿರಿ.

ಇದಕ್ಕೆ ಮೊದಲು ವರ್ಷದ ಕೊನೆಯ ಹದಿನೈದು ದಿವಸಗಳನ್ನು ಸ್ವಲ್ಪ ವಿಚಾರಿಸಬೇಕು. ಎರಡನೆಯ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ಬಳಿಕ (ಹೆಸರು ಉದ್ದ, ಹಿಂದಿನವರು ಇದನ್ನು ವಾರ್ಷಿಕ ಪರೀಕ್ಷೆ ಎನ್ನುತ್ತಿದ್ದರು) ಮಾಸ್ತರರು ಉತ್ತರಪತ್ರಿಕೆಗಳನ್ನು ತಿದ್ದುವದರಲ್ಲಿಯೂ ಅಂಕಗಳನ್ನು ಗಣಕಯಂತ್ರಕ್ಕೆ ಏರಿಸುವದರಲ್ಲಿಯೂ ಮುಳುಗಿರುವರು. ಹುಡುಗರಿಗೆ ಏನೂ ಕೆಲಸವಿಲ್ಲ. ಕೆಲವರು ಬರುವರು, ಊಟ ಮಾಡಿ ಹೋಗುವರು. ಮೇಲಿನ ಇಯತ್ತೆಯವರಿಗೆ ಒಂದು ಬೀಳ್ಕೊಡುವ ಸಮಾರಂಭ, ಒಂದು ಛಾಯಾಚಿತ್ರ, ನಾಲ್ಕು ಭಾಷಣ. ವರ್ಷವೆಲ್ಲ ಹುಡುಗರು ಏನು ಕಲಿತರೆಂಬುದು ಅವರ ಬಾಯಿಂದ ಕೇಳಿಬರಬೇಕಾದ ಈ ದಿವಸಗಳು ಹೀಗೆ ಸುಮ್ಮನೆ ಸಂದುಹೋಗುವವು.

ಈ ಭಾಗದ ಶಾಲೆಯೊಂದರಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಪಾಲಕರ ಸಭೆಗೆ ಬಂದ ಒಬ್ಬ ತಾಯಿಗೆ ಮಗನ ಪ್ರಗತಿಪತ್ರವನ್ನು ಕೊಟ್ಟರು. ಅದರಲ್ಲಿ ಶ್ರೇಣಿಗಳ ಅಕ್ಷರಗಳು ಸಾಲಾಗಿ ಬರೆದಿದ್ದವು. ಆಕೆ ಅದನ್ನು ತಲೆಕೆಳಗಾಗಿ ಹಿಡಿದುಕೊಂಡು, ಬಹಳ ಹೊತ್ತು ನೋಡಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಆ ಹೊತ್ತಿನಲ್ಲಿ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ ಅವನ ಕೈಗೆ ಒಂದು ಕಥೆಯ ಪುಸ್ತಕ ಕೊಟ್ಟು, "ನಿಮ್ಮ ಅವ್ವಗ ಓದಿ ತೋರಸು" ಎಂದಿದ್ದರೆ, ಆ ತಾಯಿಗೆ ಮಗನ ಪ್ರಗತಿಯು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಓದಲು ಬಾರದಿದ್ದರೆ ಅದೂ ತಿಳಿಯುತ್ತಿತ್ತು. ಎರಡನೆಯದಕ್ಕೆ ಅಂಜಿಯೇ ಇಂಥ ಪದ್ಧತಿಯನ್ನು ಯಾರೂ ಹಿಡಿಯುವದಿಲ್ಲವೋ ಏನೋ.

ಅದೇ ಸಭೆಯಲ್ಲಿ ಪ್ರತಿಯೊಂದು ಮಗುವಿಗೂ ಅದರ ತಾಯಿ-ತಂದೆಗಳ ಎದುರಿಗೆ ಎರಡು ಪುಸ್ತಕಗಳನ್ನೂ ಒಂದು ಖಾಲಿ ವಹಿಯನ್ನೂ ಕೊಟ್ಟು ಕಳಿಸಬೇಕು. ಪುಸ್ತಕಗಳು ಪಠ್ಯಪುಸ್ತಕಗಳಾಗಿರಬಾರದು. ವಹಿಯಲ್ಲಿ ಬರೆಯತಕ್ಕದ್ದು ಗೃಹಪಾಠವೆಂಬ ಶಿಕ್ಷೆಯಾಗಿರಬಾರದು. ಅಜ್ಜಿಯಿಂದ ಹತ್ತು ಒಡಪುಗಳನ್ನು ಕೇಳಿ ಬರೆದು ತಾ ಎನ್ನಬಹುದು. ಬೀಸುವ ಕಲ್ಲಿನ ಹಾಡು ನೆನಪಿದ್ದವರು ಓಣಿಯಲ್ಲಿ ಇನ್ನೂ ಯಾರಿದ್ದಾರೆ, ನೋಡು ಎನ್ನಬಹುದು. ಮನೆಗೆ ದಿನಾಲು ಎಷ್ಟು ಕೊಡ ನೀರು ಬಂತು, ವಾರಕ್ಕೆ ಎಷ್ಟಾಯಿತು. ಸಂತೆಯಲ್ಲಿ ಉಳ್ಳಾಗಡ್ಡಿಯ ಧಾರಣೆ ಹೋದ ವಾರ ಏನಿತ್ತು, ಈ ವಾರ ಏನಾಯಿತು. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಮುಂಜಾನೆ ಎಷ್ಟು ಗೇಣು, ಮಧ್ಯಾಹ್ನ ಎಷ್ಟು. ಕಮಲಾಪುರದ ಕಡೆಯ ಹುಡುಗನಾದರೆ ತನ್ನ ಊರಿನ ಹೆಸರುವಾಸಿಯಾದ ಕೆಂಪು ಬಾಳೆಯ ಗೊನೆಗೆ ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಹಣ್ಣು ಎಂದು ಎಣಿಸಿ ಗುಣಿಸಲಿ. ಕಲಿತದ್ದನ್ನು ಮರೆಯದಿರಲು ಇಷ್ಟು ಬಹಳವಾಯಿತು. ಜೂನ ತಿಂಗಳಲ್ಲಿ ಆ ವಹಿಗಳೇ ಶಾಲೆಯ ಅಲಮಾರಿಗೆ ಸೇರುವ ಹೊಸ ಪುಸ್ತಕಗಳಾಗುವವು.

ಕಮಲಾಪುರ ತಾಲೂಕಿನ ಹೆಸರು ಬಂದುದರಿಂದ ತಾಂಡಾಗಳ ಮಕ್ಕಳ ಮಾತನ್ನೂ ಹೇಳಬೇಕು. ಅವರ ಮನೆಯ ಮಾತು ಲಂಬಾಣಿ. ಕಲಬುರಗಿ ಪಟ್ಟಣದ ಅನೇಕ ಓಣಿಗಳ ಮನೆಮಾತು ಉರ್ದು. ಈ ಮಕ್ಕಳು ಪುಸ್ತಕದ ಕನ್ನಡವನ್ನು ಕೇಳುವ ಸ್ಥಳ ಶಾಲೆಯೊಂದೇ. ಶಾಲೆ ಮುಚ್ಚಿತೆಂದರೆ ಅವರ ಮಟ್ಟಿಗೆ ಆ ಭಾಷೆಯೇ 48 ದಿವಸ ಮುಚ್ಚಿತು. ಕನ್ನಡದ ಅಭಿಮಾನವನ್ನು ನವಂಬರ ಒಂದಕ್ಕೆ ಧ್ವಜದ ಕೆಳಗೆ ನಿಂತು ಸಾರುವ ನಾವೆಲ್ಲರೂ ತಾಂಡಾದ ಮಗುವಿನ ಕೈಯಲ್ಲಿ ಮೇ ತಿಂಗಳಲ್ಲಿ ಒಂದು ಕನ್ನಡ ಪುಸ್ತಕವಿದೆಯೆ ಎಂದು ಒಮ್ಮೆ ಕೇಳಿಕೊಳ್ಳುವದು ಒಳ್ಳೆಯದು. ಮುಂಬಯಿ, ಪುಣೆ, ಹೈದರಾಬಾದಗಳಿಗೆ ದುಡಿಯಲು ಹೋಗುವ ತಂದೆತಾಯಿಗಳ ಸಂಗಡ ಹೋಗುವ ಮಗುವಿಗಂತೂ ಗಂಟಿನಲ್ಲಿ ಕಟ್ಟಿಕೊಂಡು ಹೋದ ಪುಸ್ತಕವೇ ಶಾಲೆ.

ಪುಸ್ತಕಗಳು ಎಲ್ಲಿವೆ ಎಂದು ಕೇಳುವವರಿಗೆ: ಅವು ಶಾಲೆಯಲ್ಲಿಯೇ ಇವೆ. ಪ್ರತಿ ಶಾಲೆಯಲ್ಲಿ ಕಥೆಯ ಪುಸ್ತಕಗಳುಳ್ಳ ಗ್ರಂಥಾಲಯವಿರತಕ್ಕದ್ದೆಂದು 2009ರ ಕಾಯಿದೆಯ ಅನುಬಂಧವೇ ಹೇಳುವದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದು ಕಿರಿಯ ಶಾಲೆಗೆ 5,000 ರೂಪಾಯಿ, ಎಂಟನೆಯ ವರೆಗಿನ ಶಾಲೆಗೆ 13,000 ರೂಪಾಯಿಯ ವರೆಗೆ ಅನುದಾನ ಗೊತ್ತುಪಡಿಸಿದ್ದುಂಟು. ಪುಸ್ತಕಗಳು ಬಂದಿರುವವು, ಅವುಗಳ ಬೆನ್ನು ಸಹ ಮಡಿಚಿಲ್ಲ. ಅಲಮಾರಿಯನ್ನು ತೆರೆಯದಿರಲು ಕಾರಣವೇನೆಂದು ಮುಖ್ಯಾಧ್ಯಾಪಕರನ್ನು ಏಕಾಂತದಲ್ಲಿ ಕೇಳಿದರೆ ಒಂದೇ ಉತ್ತರ ಬರುವದು: "ಚಾರ್ಜ ಪಟ್ಟಿಯಲ್ಲಿ ನನ್ನ ಸಹಿ ಇದೆ, ಕಳೆದರೆ ನನ್ನ ಸಂಬಳದಿಂದ ಹಿಡಿಯುವರು." ಇದನ್ನು ಅಪ್ರಾಮಾಣಿಕತೆ ಎನ್ನಲಾಗದು, ಹೇಡಿತನವೆನ್ನುವದೂ ಕಷ್ಟ. ವರ್ಗವಾಗುವ ದಿವಸ ಒಂದೊಂದು ಕುರ್ಚಿಯನ್ನೂ ಎಣಿಸಿ ಒಪ್ಪಿಸಬೇಕಾದ ಮನುಷ್ಯನ ಸಹಜವಾದ ಅಂಜಿಕೆ. ಪುಸ್ತಕವನ್ನು ಓದಿಸಿದ್ದಕ್ಕೆ ಅವನಿಗೆ ಶಾಬಾಸಕಿ ಇಲ್ಲ. ಕಳೆದದ್ದಕ್ಕೆ ದಂಡ ಉಂಟು. ಹೀಗಿರುವಲ್ಲಿ ಬೀಗ ಹಾಕುವವನೇ ಜಾಣ.

ಈ ಅಂಜಿಕೆಯನ್ನು ಕಳೆಯುವದು ಅಧಿಕಾರಿಗಳ ಕೈಯಲ್ಲಿರುವದು. ಅದಕ್ಕೆ ಮೇಲ್ಪಂಕ್ತಿಯೂ ಉಂಟು. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮವನ್ನು ಓದಿ ನೋಡಬೇಕು. ಒಂದು ವರ್ಷದಲ್ಲಿ ಓದಲಿಕ್ಕೆ ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದನ್ನು ಸಹಜವಾದ ನಷ್ಟವೆಂದು ತಿಳಿಯಬಹುದೆಂದು ಅದರಲ್ಲಿರುವದು. 1,000 ರೂಪಾಯಿಗೆ ಮಿಕ್ಕಿದ ಬೆಲೆಯ ಪುಸ್ತಕ ಇಲ್ಲವೆ ದುರ್ಲಭವಾದ ಗ್ರಂಥ ಕಳೆದರೆ ಮಾತ್ರ ವಿಚಾರಣೆಯು ಕಡ್ಡಾಯ. ದೊಡ್ಡವರು ಓದುವ ಕೇಂದ್ರದ ಕಚೇರಿಗಳ ಗ್ರಂಥಾಲಯಗಳಿಗೇ ಇಷ್ಟು ಉದಾರತೆ ಇರುವಾಗ, ಗುಡಿಸಲಿಗೆ ಹೋಗಿ ಮಳೆ ಗಾಳಿ ಆಡು ಮೇಕೆ ತಮ್ಮ ತಂಗಿಯರ ನಡುವೆ ಬಾಳಬೇಕಾದ ಮಕ್ಕಳ ಪುಸ್ತಕಕ್ಕೆ ನಮ್ಮ ರಾಜ್ಯದ ವಿದ್ಯಾಖಾತೆಯು ಅದರ ಹತ್ತುಪಟ್ಟು ಸಡಿಲು ಕೊಡಬೇಕು. ನೂರು ಮಕ್ಕಳ ಶಾಲೆಯು ತಲೆಗೆ ಎರಡರಂತೆ 200 ಪುಸ್ತಕ ಕೊಟ್ಟು, ಅವುಗಳಲ್ಲಿ ಹತ್ತು ಕಳೆದವೆಂದು ಇಟ್ಟುಕೊಳ್ಳೋಣ. ಒಂದಕ್ಕೆ 40 ರೂಪಾಯಿಯಂತೆ ಹಿಡಿದರೆ ಹಾನಿಯು 400 ರೂಪಾಯಿ. ಬೀಳ್ಕೊಡುವ ಸಮಾರಂಭದ ಹೂವಿನ ಹಾರಕ್ಕೂ ಶಾಲಿಗೂ ಇದಕ್ಕಿಂತ ಹೆಚ್ಚು ಹೋಗುವದು.

ಇನ್ನು ಊಟದ ಪ್ರಶ್ನೆ. ಮಧ್ಯಾಹ್ನದ ಬಿಸಿಯೂಟದ "ಅಕ್ಷರ ದಾಸೋಹ"ವು ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಆರಂಭವಾದದ್ದು ನಮ್ಮವೇ ಆದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಬಾಕಿ ಜಿಲ್ಲೆಗಳಿಗೆ ಅದು ಆ ಮೇಲೆ ಹೋಯಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆಯ ಸೂಟಿಯಲ್ಲಿಯೂ ಊಟ ಕೊಡತಕ್ಕದ್ದೆಂದು ಸುಪ್ರೀಮ್ ಕೋರ್ಟು 2004ರ ಏಪ್ರಿಲ 20ರಂದು ಆಜ್ಞಾಪಿಸಿತು. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟಾಗ 2024ರ ಬೇಸಿಗೆಯಲ್ಲಿ ಅಂಥ ತಾಲೂಕುಗಳ ಶಾಲೆಗಳಲ್ಲಿ ಸೂಟಿಯ ಊಟವನ್ನು ಏರ್ಪಡಿಸಲಾಯಿತು. ಬಹಳ ಒಳ್ಳೆಯದು. ಆದರೆ ಮಗುವಿನ ಹಸಿವೆಯು ಕಂದಾಯ ಖಾತೆಯ ಘೋಷಣೆಯನ್ನು ಕಾದು ಹುಟ್ಟುವದಿಲ್ಲ. ಮಳೆ ಚೆನ್ನಾಗಿ ಆದ ವರ್ಷವೂ ಮೇ ತಿಂಗಳಲ್ಲಿ ಕೂಲಿಕಾರನ ಮನೆಯ ಒಲೆಯು ಮಧ್ಯಾಹ್ನಕ್ಕೆ ಉರಿಯದು. ಮುಂಜಾನೆ 8ರಿಂದ 10ರ ವರೆಗೆ ಶಾಲೆಯ ಪಡಸಾಲೆಯನ್ನು ತೆರೆದಿಟ್ಟು, ಬಂದ ಮಕ್ಕಳಿಗೆ ಪುಸ್ತಕ ಬದಲಿಸಿಕೊಟ್ಟು, ಒಂದು ಕಥೆ ಓದಿಸಿ, ಬಿಸಿಲೇರುವ ಮೊದಲೇ ಉಣಿಸಿ ಕಳಿಸಿದರೆ ಎರಡು ಹಸಿವೆಗಳಿಗೂ ಒಂದೇ ಬಾಗಿಲು ಸಾಕಾಗುವದು. ಹಾಜರಿ ಹಿಡಿಯಬಾರದು, ಅಜ್ಜಿಯ ಊರಿಗೆ ಹೋದವನು ಹೋಗಲಿ. ಕೆಲವು ವರ್ಷಗಳ ಹಿಂದೆ "ಸ್ವಲ್ಪ ಓದು, ಸ್ವಲ್ಪ ಮೋಜು" ಎಂಬ ಬೇಸಿಗೆ ಶಿಬಿರಗಳನ್ನು ವಿದ್ಯಾಖಾತೆಯೇ ನಡೆಸಿದ್ದುಂಟು. ಹೆಸರಿನಲ್ಲಿಯೇ ವಿಚಾರವೆಲ್ಲ ಅಡಗಿತ್ತು. ಹೆಸರು ಉಳಿಯಿತು.

ಈ ಕೆಲಸವನ್ನು ಮಾಡುವವರು ಯಾರು? ಮಾಸ್ತರರ ಹೆಗಲಿಗೇ ಇದನ್ನೂ ಹೇರಬೇಕೆಂದು ನಾವು ಸೂಚಿಸುವದಿಲ್ಲ. ಚುನಾವಣೆ ಬಂದರೆ ಅವರು, ಗಣತಿ ಬಂದರೆ ಅವರು; 2025ರಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಅವರು ಹೋಗಬೇಕಾದುದರಿಂದ ದಸರೆಯ ಸೂಟಿಯನ್ನೇ ಅಕ್ಟೋಬರ 18ರ ವರೆಗೆ ಎಳೆಯಬೇಕಾಯಿತೆಂಬುದನ್ನು ವಾಚಕರು ಮರೆತಿರಲಾರರು. ತಾವಾಗಿಯೇ ಮುಂದೆ ಬರುವ ಶಿಕ್ಷಕ ಶಿಕ್ಷಕಿಯರಿಗೆ ಗಳಿಕೆ ರಜೆಯನ್ನು ಲೆಕ್ಕಕ್ಕೆ ಹಿಡಿದು ಕೊಡಬೇಕು. ಬರಿಯ ಪ್ರಶಂಸಾಪತ್ರದಿಂದ ಮೇ ತಿಂಗಳ ಬಿಸಿಲು ಇಳಿಯದು. ಅವರು ಬರದ ಶಾಲೆಗಳಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಕೆಲಸವಿಲ್ಲದೆ ಕುಳಿತ ತರುಣ ತರುಣಿಯರು ಊರೂರಿಗೂ ಇರುವರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಅವರಿಗೆ ಅಲ್ಪ ಗೌರವಧನ ಕೊಟ್ಟು ಅಲಮಾರಿಯ ಕೀಲಿಕೈಯನ್ನು ಒಪ್ಪಿಸಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು "ಅರಿವು ಕೇಂದ್ರ"ವೆಂಬ ಹೆಸರಿನಿಂದ ಹೊಸ ಜೀವ ತಾಳಿರುವವು. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅವುಗಳ ಸದಸ್ಯತ್ವವನ್ನು ಪುಕ್ಕಟೆಯಾಗಿ ಕೊಡಲಾಯಿತು. ಶಾಲೆಯ ಅಲಮಾರಿಯನ್ನೇ ಎರಡು ತಿಂಗಳ ಮಟ್ಟಿಗೆ ಆ ಕೇಂದ್ರಕ್ಕೆ ಒಪ್ಪಿಸಿದರೆ ಏನು ಕೆಡುವದು? ಎರಡು ಖಾತೆಗಳ ಚಾರ್ಜ ಪಟ್ಟಿಗಳು ಒಂದನ್ನೊಂದು ಮುಟ್ಟಬೇಕಾಗುವದಷ್ಟೆ. ಕೋಟನೂರಿನಂತೆ ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ ಎಂಬ ಸ್ಥಿತಿಯಲ್ಲಿರುವ ಊರುಗಳ ಮಾತು ಸ್ವಲ್ಪ ತೊಡಕಿನದು; ಪಟ್ಟಣದ ದೊಡ್ಡ ಗ್ರಂಥಾಲಯವು ಎಂಟು ವರ್ಷದ ಮಗುವಿಗೆ ದೂರ. ಅಲ್ಲಿ ಶಾಲೆಯ ಪಡಸಾಲೆಯೇ ಗತಿ.

ಮುಖ್ಯವಾಗಿ ಈ ವಿಷಯದ ಆದೇಶವು ಹೊರಡುವ ತಾರೀಖನ್ನು ನೋಡಿಕೊಳ್ಳಬೇಕು. ಖಾತೆಯ ಸುತ್ತೋಲೆಯು ಬೆಂಗಳೂರಿನಿಂದ ಕಲಬುರಗಿಯ ಆಯುಕ್ತರ ಕಚೇರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಇಳಿದು ಶಾಲೆಯನ್ನು ಮುಟ್ಟುವದರೊಳಗೆ ಎಷ್ಟು ದಿವಸ ಹಿಡಿಯುವದೆಂಬುದನ್ನು ನಮ್ಮ ವಾಚಕರಾದ ಅಧಿಕಾರಿಗಳೇ ಚೆನ್ನಾಗಿ ಬಲ್ಲರು. ಕಳೆದ ಪುಸ್ತಕಗಳ ನಷ್ಟವನ್ನು ಮನ್ನಿಸುವ ಒಂದು ವಾಕ್ಯವೂ ಪಡಸಾಲೆಯನ್ನು ತೆರೆದಿಡುವ ಇನ್ನೊಂದು ವಾಕ್ಯವೂ ಅದರಲ್ಲಿದ್ದರೆ ಸಾಕು. ಅದು ಮಾರ್ಚ ಮೊದಲನೆಯ ವಾರದೊಳಗೆ ಮುಖ್ಯಾಧ್ಯಾಪಕರ ಮೇಜಿನ ಮೇಲಿರಬೇಕು. ಏಪ್ರಿಲ ಒಂಬತ್ತಕ್ಕೆ ಬಂದರೆ ಅದನ್ನು ಜೂನ ತಿಂಗಳ ಟಪಾಲಿನೊಂದಿಗೆ ಓದುವರು.